ಅಕ್ಕ ಪಾಸಾದ ದಿನ

ನಮ್ಮ ಮಧುಗಿರಿಯಲ್ಲಿ ಆಗ ಇಂಗ್ಲಿಷು ಬಾರದವರಿಗೂ ಬರುತ್ತಿದ್ದ ಮಾತೆಂದರೆ ಪಾಸು. ಅಮಲ್ದಾರರು ಅರ್ಜಿ ಪಾಸು ಮಾಡುತ್ತಿದ್ದರು. ಬಸ್ಸಿನ ಏಜೆಂಟರ ಭಾವಮೈದ ಪಾಸು ತೋರಿಸಿ ಕೊರಟಗೆರೆಗೆ ಬಿಟ್ಟಿ ಹೋಗಿಬರುತ್ತಿದ್ದ. ಶಿರಾ ಸಂತೆಯಲ್ಲಿ ಹೋರಿಯ ಹಲ್ಲು ನೋಡಿ, "ಇದು ಪಾಸು ಬುಡ್ಲಾ" ಎನ್ನುತ್ತಿದ್ದರು. ನನಗೆ ಮಾತ್ರ ಅದಕ್ಕೆ ಒಂದೇ ಅರ್ಥ, ಲೋಯರ್ ಸೆಕೆಂಡರಿ ಪರೀಕ್ಷೆ. ನಮ್ಮ ಬೀದಿಯ ಹುಡುಗಿಯರಲ್ಲಿ ಅದನ್ನು ದಾಟಿದವಳು ನಾನೊಬ್ಬಳೇ. ಸುದ್ದಿ ಬಂದಾಗ ಅಪ್ಪ ನನ್ನ ಕೈಗೆ ಒಂದು ಚೂರು ಬೆಲ್ಲ ಇಟ್ಟು, "ಒಳ್ಳೇದಾಯ್ತು, ಎಮ್ಮೆಗೆ ನೀರಿಡೋಗು" ಎಂದರು.

ಅದೇ ತಿಂಗಳು ಕೊರಟಗೆರೆ ಕಡೆಯವರು ಅಕ್ಕನನ್ನು ನೋಡಲು ಬಂದರು. ಅದಕ್ಕೂ ಮೊದಲು ನೋಡಿದವರೆಲ್ಲ ಹೇಳಿ ಕಳಿಸುತ್ತೇವೆಂದು ಹೋಗಿ ಸುಮ್ಮನಾಗಿದ್ದರು. ಅವಳ ಓರಗೆಯವರ ಕಂಕುಳಲ್ಲಿ ಆಗಲೇ ಮಕ್ಕಳಿದ್ದವು. ಈ ಸಲವೂ ತಪ್ಪಿದರೆ ಗತಿಯೇನೆಂದು ಅವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕನನ್ನು ತೋರಿಸುವಾಗ ತಂಗಿ ಕಣ್ಣಿಗೆ ಬೀಳಬಾರದು, ಬಿದ್ದರೆ ಚಿಕ್ಕವಳನ್ನೇ ಕೇಳಿಬಿಡುತ್ತಾರೆ ಎಂಬ ಭಯ ನಮ್ಮವರಿಗೆ. ಹಾಗಾಗಿ ನನ್ನನ್ನು ಹಿಂದಿನ ಮನೆಯ ಅಜ್ಜಿಯ ಹತ್ತಿರ ಅಟ್ಟಿದರು. ನಾನು ಸುಮ್ಮನಿರುವವಳೇ? ಹಿತ್ತಲಿನಿಂದ ಬಂದು ನಮ್ಮ ಹಿಂಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಂತೆ.

ಗಂಡಿನ ಸೋದರತ್ತೆ ಅಕ್ಕನ ಜಡೆ ಬಿಚ್ಚಿಸಿ ನೋಡಿದಳು, ನಡೆಸಿ ನೋಡಿದಳು, ದೃಷ್ಟಿ ಸರಿಯಿದೆಯೇ ಎಂದು ಸೂಜಿ ದಾರ ಕೊಟ್ಟಳು. ಅಕ್ಕ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿದಳು.

"ಹುಡ್ಗಿ ಪಾಸು ಕಣಮ್ಮ," ಎಂದಳು ಆಕೆ ಅವ್ವನಿಗೆ.

ಅಪ್ಪ ಹಲ್ಲು ಬಿಟ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ಮಧ್ಯಾಹ್ನವೇ ಒಬ್ಬಟ್ಟು ಮಾಡಿ ಬೀದಿಗೆಲ್ಲ ಹಂಚಿದರು. ನನಗೆ ಹೊಟ್ಟೆ ಉರಿದುಹೋಯಿತು. ಬುಡ್ಡಿದೀಪದ ಹೊಗೆ ಕುಡಿದು ಓದಿದವಳಿಗೆ ಬೆಲ್ಲದ ಚೂರು, ಸೂಜಿಗೆ ದಾರ ಹಾಕಿದವಳಿಗೆ ಒಬ್ಬಟ್ಟು. ಅದೇನು ಅಂಥ ಘನಂದಾರಿ ಕೆಲಸ? ಅವಳು ಅವ್ವನ ಧಾರೆ ಸೀರೆ ಉಟ್ಟು ಓಡಾಡುತ್ತಿದ್ದುದನ್ನೂ ನನ್ನಿಂದ ನೋಡಲಾಗಲಿಲ್ಲ.

ಸಂಜೆ ಅಕ್ಕ ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಕೊಂಡು ನನ್ನ ಹತ್ತಿರ ಬಂದಳು. ನಾನು ತಟ್ಟೆ ತಳ್ಳಿದೆ.

"ನೀನೇ ತಿನ್ನು. ಇವತ್ತು ಊರೇ ನಿನ್ನನ್ನ ತಲೆ ಮೇಲೆ ಹೊತ್ಕೊಂಡು ಕುಣೀತೈತೆ."

ಅಕ್ಕ ಬೈಯಲಿಲ್ಲ. ಪಕ್ಕದಲ್ಲಿ ಕೂತು, "ನಂಗೂ ಅಂಗೇ ಆಗಿತ್ತು ಕಣೇ, ನಿನ್ನ ಪರೀಕ್ಷೆ ಸುದ್ದಿ ಬಂದಾಗ. ನಿನ್ನ ಮಾತಾಡ್ಸಕ್ಕೂ ಮನಸು ಬರ್ಲಿಲ್ಲ," ಎಂದಳು.

"ನಿಂಗ್ಯಾಕೆ ಹೊಟ್ಟೆಕಿಚ್ಚು? ನೀನು ಇಸ್ಕೂಲಿಗೇ ಹೋದೋಳಲ್ಲ."

"ಹೋಗಿದ್ದೆ. ಇನ್ನೂ ಅಕ್ಸರ ತಿದ್ತಿದ್ದೆ, ಬುಡಿಸ್ಬುಟ್ರು. ಅವ್ವ ಹೊಲಕ್ಕೆ ಹೋಗ್ಬೇಕಿತ್ತು. ಮನೇಲಿ ಕೂಸು ಎತ್ಕೊಳ್ಳೋರು ಯಾರೂ ಇರ್ಲಿಲ್ಲ."

ನಮ್ಮ ಮನೆಯಲ್ಲಿ ಅವಳಾದ ಮೇಲೆ ಹುಟ್ಟಿದವಳು ನಾನೊಬ್ಬಳೇ.