ಸೂಸೈ ಮಿರಾಂದರೂ ದೀಪವಿಲ್ಲದ ಗೋಪುರವೂ

ದೀಪಗೋಪುರದ ಗಾಜಿನ ಅಂಚುಗಳನ್ನು ಮೆತ್ತನೆಯ ಚರ್ಮದಿಂದ ಒರೆಸುತ್ತಲೇ ಈ ಬೀಳ್ಕೊಡುಗೆಯ ಮಾತುಗಳನ್ನು ಜೋಡಿಸಿಕೊಂಡೆ. ಉಪ್ಪುಗಾಳಿ ಸುಮ್ಮನಿರದಿರುವಾಗ ಕೈ ಸುಮ್ಮನಿರುವಂತಿಲ್ಲ. ಹೀಗೆ ಕಲಿಸಿದವರು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಸೂಸೈ ಮಿರಾಂದರು. ತೂತ್ತುಕುಡಿ ಸೀಮೆಯ ದೀಪ ಕಾಯುವವರಲ್ಲಿ ಅವರಷ್ಟು ಬಲ್ಲವರು ವಿರಳವೆಂದು ಮೇಲಧಿಕಾರಿಗಳೇ ಒಪ್ಪುತ್ತಾರೆ.

ಸೇವೆಗೆ ಬಂದ ಎರಡನೆಯ ವರ್ಷವೇ, ಬಿರುಗಾಳಿಗೆ ಯಂತ್ರ ಕೆಟ್ಟಾಗ, ಮೂರು ದಿನ ದೀಪವನ್ನು ಕೈಯಿಂದ ತಿರುಗಿಸಿದವರು ಅವರು. ಕಸ ಗುಡಿಸುತ್ತಿದ್ದ ನನ್ನನ್ನು ನಲವತ್ತೊಂದನೆಯ ವಯಸ್ಸಿನಲ್ಲಿ ರಾತ್ರಿಶಾಲೆಗೆ ಸೇರಿಸಿದವರೂ ಅವರೇ. "ಗಾಳಿ ಯಾವ ಕಡೆಯಿಂದ ಅಂತ ಪುಸ್ತಕದಲ್ಲಿ ನೀವೇ ಬರೀಬೇಕು ಸವೇರಿಯಕ್ಕಾ. ನಾನೂ ಒಂದಿನ ರಜಾ ಹಾಕೋದು ಬೇಡ್ವಾ?" ಎಂದಿದ್ದರು. ಅವರು ಒಂದು ದಿನವೂ ರಜೆ ಹಾಕಲಿಲ್ಲ.

ನಾಲ್ಕು ವರ್ಷದ ಹಿಂದೆ ದೀಪವನ್ನು ಶಾಶ್ವತವಾಗಿ ನಂದಿಸಲಾಯಿತು. ಉಪಯೋಗವಿಲ್ಲದ ಗೋಪುರವನ್ನು ಕೆಡವುವ ಮಾತು ಬಂತು. ದೀಪವಿಲ್ಲದಿದ್ದರೂ ಗೋಪುರ ದುಡಿಯುತ್ತಿದೆ, ಇಗರ್ಜಿಯ ಶಿಲುಬೆಯನ್ನು ಅದರೊಂದಿಗೆ ಸಾಲು ಹಿಡಿದು ನೋಡಿಯೇ ದೋಣಿಗಳು ಮೀನು ಸೇರುವ ನೀರಡಿಯ ಬಂಡೆಗಳನ್ನು ಹುಡುಕುತ್ತವೆ ಎಂದು ಮಿರಾಂದರು ವಾದಿಸಿದರು. ಅಂಥ ಒಂದಾದರೂ ಗುರುತನ್ನು ಬರೆದು ಕಳಿಸಿ ಎಂದಿತು ಮೇಲಿನ ಕಚೇರಿ.

ನಮ್ಮಲ್ಲಿ ಆ ಗುರುತನ್ನು ತಂದೆ ಮಕ್ಕಳ ಕಿವಿಗಷ್ಟೇ ಹೇಳುವುದು. ಮಿರಾಂದರು ಎರಡು ವರ್ಷ ಮನೆಮನೆ ತಿರುಗಿದರು.

"ಕಟ್ಕೊಂಡ ಹೆಂಡ್ತಿಗೇ ಹೇಳಿಲ್ಲ, ಸರ್ಕಾರಕ್ಕೆ ಹೇಳ್ತೀನಾ?" ಎಂದ ದೋಣಿಯ ರಾಯಪ್ಪನ್. "ನಿಮ್ಮಪ್ಪನ ಬಂಡೆ ಇದೆಯಲ್ಲಣ್ಣಾ, ಅದನ್ನೇ ಬರೀರಿ ನೋಡೋಣ!"

ಬಲೆ ಹೆಣೆಯುತ್ತಿದ್ದವರೆಲ್ಲ ನಕ್ಕರು. ಆ ಬಂಡೆಯಿಂದಲೇ ಮಿರಾಂದರ ತಮ್ಮ ತೊಮ್ಮೈಯ ಮನೆ ನಡೆಯುತ್ತದೆ. ಗುರುತು ಬಯಲಾದರೆ ಊರಿನ ಬಲೆಗಳೆಲ್ಲ ಅಲ್ಲೇ ಬೀಳುತ್ತವೆ. ಅಂದಿನಿಂದ ಮಿರಾಂದರು ನಿಂತಲ್ಲಿ ನಿಲ್ಲಲಿಲ್ಲ. ನೂರಹನ್ನೆರಡು ಮೆಟ್ಟಿಲನ್ನು ಹತ್ತಿದರು, ಇಳಿದರು, ಮೇಲೇನು ಮರೆತೆನೋ ಎಂಬಂತೆ ಮತ್ತೆ ಹತ್ತಿದರು. ಕಚೇರಿಗೆ ಬರೆದ ಕಾಗದದಲ್ಲಿ ಗುರುತಿನ ಆ ಒಂದು ಸಾಲಿನ ಜಾಗ ಖಾಲಿಯೇ ಇತ್ತು.

ಕೊನೆಗೆ ತೊಮ್ಮೈಯೇ ಬಂದ. "ಗೋಪುರ ಬಿದ್ಮೇಲೆ ಆ ಬಂಡೆ ನಂಗಾದ್ರೂ ಎಲ್ಲಿ ಸಿಗುತ್ತೆ? ಬರಿಯಣ್ಣಾ. ಮೀನು ಕಮ್ಮಿಯಾದ್ರೆ ಹೆಂಡ್ತಿ ಮಕ್ಕಳ ಸಮೇತ ನಿನ್ನ ಮನೇಗೇ ಊಟಕ್ಕೆ ಬರ್ತೀನಿ. ಅತ್ತಿಗೆಗೆ ಈಗ್ಲೇ ಹೇಳಿಡು."

ಮಿರಾಂದರು ಕುಳಿತು, ಆ ಸಾಲು ತುಂಬಿದರು.

ಅವರ ಮೊಣಕಾಲುಗಳು ಇನ್ನೂ ಬಹುಕಾಲ ಈ ಮೆಟ್ಟಿಲುಗಳಿಗೆ ಸೋಲದಿರಲಿ, ಗೋಪುರದ ಚರಿತ್ರೆಯನ್ನು ಅವರೇ ಬರೆದು ಮುಗಿಸುವಷ್ಟು ಆಯುಸ್ಸನ್ನು ಕಡಲಮಾತೆ ಕರುಣಿಸಲಿ ಎಂಬುದು ನಮ್ಮೆಲ್ಲರ ಹಾರೈಕೆ. ಕಚೇರಿಯಿಂದ ಉತ್ತರ ಏನು ಬರುವುದೋ ತಿಳಿಯದು. ಕಳೆದ ಮಂಗಳವಾರ ಆ ಕಾಗದ ಕಳಿಸಲು ಅಂಚೆಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ಲಕೋಟೆಯ ಒಂದು ತುದಿ ಗುಮಾಸ್ತನ ಕೈಯಲ್ಲಿತ್ತು, ಇನ್ನೊಂದು ಮಿರಾಂದರ ಕೈಯಲ್ಲೇ ಉಳಿದಿತ್ತು.

"ಬಿಡಿ ಅಣ್ಣಾ, ಹರಿದುಹೋಗುತ್ತೆ," ಎಂದನಾತ.

ಬಿಟ್ಟರು.