ಅಕ್ಕನ ಕಿವಿಯ ಮುಂದಿನ ಗುಂಗುರು

ಗೋಪನಕೊಪ್ಪದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ನೀಲಿ ಬಟ್ಟೆ ಈಗಲೂ ತೂಗುತ್ತಿದೆ. ಶಾಲೆಗಳು ಮುಚ್ಚಿದ್ದಾಗ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕನನ್ನು ಅದರ ಮುಂದೆ ನಿಲ್ಲಿಸಿ ಪಾಠಗಳ ವಿಡಿಯೋ ಮಾಡಿದ್ದೆ. ಮೊದಲು ತಂದದ್ದು ಹಸಿರು ಬಟ್ಟೆ. ಈ ಬಣ್ಣ ಇರುವಲ್ಲೆಲ್ಲ ಅಳಿಸು ಎಂದು ಕಂಪ್ಯೂಟರಿಗೆ ಹೇಳಿದರೆ, ಬಟ್ಟೆ ಮಾಯವಾದ ಜಾಗದಲ್ಲಿ ಕಪ್ಪುಹಲಗೆಯ ಚಿತ್ರ ಕೂರಿಸಬಹುದು. ಆದರೆ ಅಕ್ಕನ ಕೈತುಂಬ ಹಸಿರು ಗಾಜಿನ ಬಳೆ. ಬಟ್ಟೆಯ ಜೊತೆ ಬಳೆಗಳೂ ಅಳಿಸಿಹೋಗಿ, ಅಂಗೈ ಒಂದು ಕಡೆ, ಮೊಳಕೈ ಒಂದು ಕಡೆ ತೇಲುತ್ತಿದ್ದವು.

“ಒಂದ ತಾಸು ಬಳಿ ತಗದಿಡಬೇ ಅಕ್ಕಾ.”

“ಬಳಿ ತಗ್ಯಾಂಗಿಲ್ಲ. ಹಿಂದಿನ ಅರಬಿ ಬದಲಿ ಮಾಡು.”

ಹಾಗೆ ನೀಲಿ ಬಟ್ಟೆ ಬಂತು. ನೀಲಿಯ ತೊಂದರೆ ಕೂದಲಿನಲ್ಲಿತ್ತು. ಕೊಬ್ಬರಿ ಎಣ್ಣೆ ಹಚ್ಚಿದ ಕರಿ ಕೂದಲು ಹಿಂದಿನ ನೀಲಿಯನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಅದರಲ್ಲೂ ಕಿವಿಯ ಮುಂದೆ ಜಾರಿದ ಸಣ್ಣ ಎಳೆಗಳು ಅಲುಗಿದರೆ ಮುಗಿಯಿತು, ಅರ್ಧ ಕೂದಲು, ಅರ್ಧ ಬಟ್ಟೆ. ಹೆಚ್ಚು ಅಳಿಸಿದರೆ ಅಕ್ಕ ಕತ್ತರಿಸಿ ಅಂಟಿಸಿದ ಚಿತ್ರದಂತೆ ಕಾಣುತ್ತಿದ್ದಳು. ಕಡಿಮೆ ಅಳಿಸಿದರೆ ತಲೆಯ ಸುತ್ತ ನೀಲಿ ಹೊಗೆ. ನಾನು ಹೆಚ್ಚೇ ಅಳಿಸಿದೆ. ಆಮೇಲೆ ಬೋಳು ಕಂಡಲ್ಲಿ ಕೆಲವು ಎಳೆಗಳನ್ನು ಕಂಪ್ಯೂಟರಿನಲ್ಲಿ ನಾನೇ ಬರೆದು, ತಲೆ ತಿರುಗಿದತ್ತ ತಿರುಗುವಂತೆ ಕೂರಿಸಿದೆ. ಮಕ್ಕಳು ಲೆಕ್ಕ ನೋಡುತ್ತಾರೆ, ಟೀಚರ ಕೂದಲನ್ನಲ್ಲ ಎಂದುಕೊಂಡಿದ್ದೆ. ಮುಂದೆ ನಾನು ತೆಗೆದ ಮದುವೆ ವಿಡಿಯೋಗಳಿಗೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಪಾಠಗಳ ತಿದ್ದದ ಮೂಲ ಚಿತ್ರಗಳನ್ನೂ ಅಳಿಸಿಬಿಟ್ಟೆ.

ಹೋದ ವರ್ಷ ಅಕ್ಕನಿಗೆ ಕ್ಯಾನ್ಸರ್ ಚಿಕಿತ್ಸೆಯಾಯಿತು. ಉದುರಿದ ಕೂದಲು ಈಗ ಮತ್ತೆ ಬಂದಿದೆ. ಎಡಗಿವಿಯ ಮುಂದೆ ಒಂದು ಗುಂಗುರು ಎಳೆ.

“ನಮ್ಮ ಮನಿತನದಾಗ ಯಾರಿಗೂ ಗುಂಗುರಿಲ್ಲ. ಔಷಧದ್ದ ಅದು,” ಎಂದಳು ಅವ್ವ. ಬಂದವರೂ ಅದನ್ನೇ ಹೇಳಿದರು. ಅಕ್ಕ ಅದಕ್ಕೊಂದು ಪಿನ್ನು ಚುಚ್ಚಿ ಒತ್ತಿಟ್ಟಳು. ಆದರೆ ಒಪ್ಪಲಿಲ್ಲ. ಮೊದಲೂ ಇತ್ತು ಎಂದು ಅವಳ ವಾದ. ಹಳೆಯ ಫೋಟೋಗಳಲ್ಲಿ ಕಾಣುತ್ತಿರಲಿಲ್ಲ. ಫೋಟೋ ಎಂದರೆ ಸಾಕು, ಆಗೆಲ್ಲ ನೀರು ಹಚ್ಚಿ ತಲೆ ಬಾಚಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಮಹಡಿ ಹತ್ತಿ ಬಂದಳು. “ಪಾಠದ ವಿಡಿಯೋದಾಗ ನೋಡಿ ಹೇಳು. ಹೋದದ್ದೆಲ್ಲಾ ಹೋತು. ಇದೊಂದಾದ್ರೂ ನಂದ ತಿರುಗಿ ಬಂದೈತೋ ಇಲ್ಲೋ, ನನಗ ಗೊತ್ತಾಗಬೇಕು.”

“ಸುಮ್ನ ಇತ್ತು ಅಂದಬಿಡ್ಲೇನು?”

“ಸಮಾಧಾನ ಹೇಳಾಕ ಮಂದಿ ರಗಡ ಅದಾರ. ಎಂಎಸ್ಸಿ ಮಾಡಿ ನೀ ಮತ್ಯಾಕ ಇದ್ದಿ?”

ವಿಡಿಯೋ ಹಚ್ಚಿದೆ. ಎಡಗಿವಿಯ ಮುಂದೆ ಗುಂಗುರು ಇತ್ತು. ಅವಳ ಮುಖ ಅರಳಿತು. ಆದರೆ ನಾನು ಎಳೆಗಳನ್ನು ಬರೆದದ್ದೂ ಅಲ್ಲಿಯೇ. ಎಷ್ಟು ಬರೆದೆ, ಯಾವುದನ್ನು ಬರೆದೆ, ಒಂದೂ ನೆನಪಿಲ್ಲ.

“ಅಕ್ಕಾ, ಇದು ನಾ ಬರದದ್ದೂ ಇರಬಹುದು.”

ಅವಳು ಇಳಿದು ಹೋದಳು.

ಅಂದು ಊಟ ರುಚಿಸಲಿಲ್ಲ. ಕೂತೆ, ಎದ್ದೆ, ಗಲ್ಲಿಯ ತುದಿಯವರೆಗೆ ಹೋಗಿ ಚಹಾ ಕುಡಿಯದೆ ವಾಪಸು ಬಂದೆ. ಒಂದು ಸಂಗತಿ ಮಾತ್ರ ಖಚಿತವಾಗಿ ನೆನಪಿತ್ತು: ಮೈಕಿನಲ್ಲಿ ಸದ್ದು ಬರುತ್ತದೆಂದು ಟೇಬಲ್ ಫ್ಯಾನು ಆರಿಸಿದ್ದೆ. ಗಾಳಿಯಿಲ್ಲದ ಕೋಣೆಯಲ್ಲಿ ಅಲುಗುವ ಎಳೆ ನನ್ನದೇ ಇರಬೇಕು ಎಂದು ತೀರ್ಮಾನಿಸಿ, ಅದನ್ನೇ ಸಾಬೀತು ಮಾಡಲು ವಿಡಿಯೋವನ್ನು ತೀರ ನಿಧಾನವಾಗಿ ಓಡಿಸಿದೆ. ಅವಳು ಹಲಗೆಯತ್ತ ತಿರುಗಿದಾಗೆಲ್ಲ ಎಲ್ಲ ಎಳೆಗಳೂ ತಿರುಗುತ್ತಿದ್ದವು. ಏನೂ ತಿಳಿಯಲಿಲ್ಲ.

ಒಂದು ಕಡೆ ಅವಳು “ಎಷ್ಟು ಬಂತು?” ಎಂದು ಕೇಳಿ ನಿಂತಿದ್ದಳು. ಎದುರಿಗೆ ಮಕ್ಕಳೇ ಇಲ್ಲ, ಆದರೂ ಉತ್ತರಕ್ಕೆ ಕಾದಿದ್ದಳು. ತಲೆ ಅಲುಗಲಿಲ್ಲ. ಸೆರಗಿನ ಅಂಚು ಮೆಲ್ಲಗೆ ಎದ್ದಿತು, ಇಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಕತ್ತು ತಿರುಗಿಸುವ ಫ್ಯಾನಿನ ಗಾಳಿ ಅದು. ನಾನು ಆರಿಸಿದ್ದ ಫ್ಯಾನು ತಿರುಗುತ್ತಿತ್ತು! ಸೆರಗು ಎದ್ದಾಗ ಕಿವಿಯ ಮುಂದಿನ ಎರಡು ಎಳೆ ಕದಲಲಿಲ್ಲ. ಗುಂಗುರು ಮಾತ್ರ ಹಗುರಾಗಿ ಎದ್ದು ಕೆನ್ನೆಗೆ ತಾಗಿತು.

ಅಕ್ಕನನ್ನು ಕೂಗಿ ತೋರಿಸಿದೆ.

“ಈ ಎರಡ ತಂತಿ ಯಾರವು?” ಎಂದು ಅವಳು ಅಲುಗದ ಎಳೆಗಳತ್ತ ಬೆರಳು ಮಾಡಿದಳು.

“ನನ್ನವು, ನಾ ಬರದದ್ದು.”

“ನಿನ್ನಂಗ ಅದಾವ. ಎಷ್ಟ ಗಾಳಿ ಬೀಸಿದ್ರೂ ಜಗ್ಗಂಗಿಲ್ಲ.”

“ಫ್ಯಾನ್ ಆರಿಸಿದ್ನಲ್ಲ ನಾನು?”

“ನೀ ಕ್ಯಾಮೆರಾ ಹಚ್ಚಿ ಕೆಳಗ ಚಾ ಕುಡ್ಯಾಕ ಹೋದಿ. ಸೆಕಿ ತಡೀಲಾರದ ನಾನ ಹಚ್ಚಿದ್ದೆ.”

ನನ್ನ ನೆನಪು ಅಷ್ಟು ಸುಲಭವಾಗಿ ಸುಳ್ಳಾದದ್ದು ಸಹಿಸಲಾಗಲಿಲ್ಲ. “ಆದ್ರೂ ಪಕ್ಕಾ ಹೇಳಾಕ ಬರಂಗಿಲ್ಲಕ್ಕಾ. ಸೆರಗಿನ ಜೋಡಿ ಆ ಗುಂಗುರನ್ನೂ ನಾನ ಅಲುಗಾಡಸಿರಬಹುದು.”

ಅಕ್ಕ ತರಗತಿಯಲ್ಲಿ ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು. “ಫ್ಯಾನ್ ಹಚ್ಚಿದ್ದ ನಿನಗ ಗೊತ್ತಿಲ್ಲ. ಸೆರಗ ಹಾರಿದ್ದೂ ಇವತ್ತ ನೋಡಿದಿ. ಗೊತ್ತಿಲ್ಲದ ಗಾಳಿಗೆ ಕೂದಲಾ ಹೆಂಗ ಹಾರಸ್ತಿದ್ದಿ?”

ಉತ್ತರಕ್ಕೆ ಕಾದಳು. ಆಮೇಲೆ ಕಿವಿಯ ಹತ್ತಿರದ ಪಿನ್ನನ್ನು ಕಿತ್ತು ನನ್ನ ಕೀಬೋರ್ಡಿನ ಮೇಲೆ ಇಟ್ಟು, “ಅವ್ವಾ, ಮ್ಯಾಲೆ ಬಾ ಇಲ್ಲಿ,” ಎಂದು ಮೆಟ್ಟಿಲ ಕಡೆ ಕೂಗಿದಳು. ಅವ್ವ ಬರುವಷ್ಟರಲ್ಲಿ ನಾನು ಅದೇ ಜಾಗವನ್ನು ಇನ್ನೂ ಎರಡು ಸಲ ಓಡಿಸಿ ನೋಡಿದೆ.