ಕನ್ನಡ ಬಾರದ ಫಾದರ್ ಮುಂದಿನ ಸಾಲು

ನಮ್ಮ ಚರ್ಚಿನಲ್ಲಿ ಪಾಪನಿವೇದನೆಗೆ ನಿಲ್ಲುವ ಸಾಲುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಯಾವುದು ಗೊತ್ತೇ? ಕನ್ನಡ ಸರಿಯಾಗಿ ಬಾರದ ಫಾದರ್ ಮುಂದಿನದು. ಬೇರೆಯವರನ್ನು ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಸಾಲಿನಲ್ಲಿ ಇಪ್ಪತ್ತು ವರ್ಷ ತಪ್ಪದೆ ನಿಂತವನು ನಾನೇ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾವು ಕಥೋಲಿಕರು ಈಸ್ಟರ್ ಹಬ್ಬದ ಹೊತ್ತಿಗೆ ವರ್ಷಕ್ಕೊಮ್ಮೆಯಾದರೂ ಗುರುಗಳ ಮುಂದೆ ಮಂಡಿಯೂರಿ, ಮಾಡಿದ ಪಾಪಗಳನ್ನು ಬಾಯಿಬಿಟ್ಟು ಹೇಳಬೇಕು. ಮಧ್ಯೆ ಮರದ ಜಾಲರಿ ಇರುತ್ತದೆ, ಮುಖ ಕಾಣುವುದಿಲ್ಲ. ಅವರು ದೇವರ ಹೆಸರಿನಲ್ಲಿ ಕ್ಷಮೆ ಕೊಟ್ಟು, ಪ್ರಾಯಶ್ಚಿತ್ತಕ್ಕೆ ಒಂದಿಷ್ಟು ಪ್ರಾರ್ಥನೆ ಹೇಳಿ ಕಳಿಸುತ್ತಾರೆ. ತುಮಕೂರು ರಸ್ತೆಯ ನಮ್ಮ ಚರ್ಚಿಗೆ ಬರುವವರೆಲ್ಲ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬಂದ ಹತ್ತು ಕಡೆಯ ಜನ. ಹಾಗಾಗಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೊನೆಯ ಶನಿವಾರ ಅಕ್ಕಪಕ್ಕದ ಚರ್ಚುಗಳಿಂದಲೂ ಫಾದರ್‌ಗಳನ್ನು ಕರೆಸಿ, ಒಬ್ಬೊಬ್ಬರ ಮುಂದೆ ಭಾಷೆಯ ಹೆಸರು ಬರೆದ ಒಂದೊಂದು ರಟ್ಟು ತೂಗುಹಾಕುತ್ತಾರೆ. ಕನ್ನಡ, ತಮಿಳು, ಇಂಗ್ಲಿಷ್, ಮಲಯಾಳಂ. ಮಲಯಾಳಂ ರಟ್ಟಿನ ಹಿಂದೆ ಕೂರುತ್ತಿದ್ದ ಕೇರಳದ ಹಿರಿಯ ಫಾದರ್‌ಗೆ ಕನ್ನಡ ಅರ್ಧಂಬರ್ಧ, ಕಿವಿಯೂ ಅಷ್ಟಕ್ಕಷ್ಟೆ. ಏನು ಹೇಳಿದರೂ ‘ಸಾರಮಿಲ್ಲ, ಸಾರಮಿಲ್ಲ’ ಎಂದು, ಅಂದರೆ ಪರವಾಗಿಲ್ಲ ಎಂದು ಸಮಾಧಾನ ಮಾಡಿ, ಮೂರು ನಮೋ ಮರಿಯ ಪ್ರಾರ್ಥನೆ ಹೇಳು ಎಂದು ಬೀಳ್ಕೊಡುತ್ತಿದ್ದರು. ಆ ಸಾಲಿನಲ್ಲಿ ಮಲಯಾಳಿಗಳು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನನ್ನ ಥರದ ಅಚ್ಚ ಕನ್ನಡಿಗರು, ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ನಿಂತಿರುತ್ತಿದ್ದರು.

ಹುಟ್ಟಿನಿಂದಲೇ ನಾನು ಹೀಗೆ ಕಳ್ಳಬಿದ್ದವನಲ್ಲ. ಮೊದಲ ಪಾಪನಿವೇದನೆಯ ದಿನ ನನಗೆ ಒಂಬತ್ತು ವರ್ಷ. ಮಾಕಳಿಯ ಕಡೆ ಆಗಿನ್ನೂ ರಾಗಿ ಹೊಲಗಳಿದ್ದವು, ಗೋಡೌನುಗಳಿರಲಿಲ್ಲ. ನಮಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದ ಚೌರಪ್ಪ ಮೇಷ್ಟ್ರು, ಮಕ್ಕಳು ಜಾಲರಿಯ ಮುಂದೆ ತಡವರಿಸಬಾರದೆಂದು ಕರಿಹಲಗೆಯ ಮೇಲೆ ಮಾದರಿಗೆ ನಾಲ್ಕು ಪಾಪ ಬರೆದಿದ್ದರು. ಅಮ್ಮನ ಮಾತು ಮೀರಿದೆ, ಸುಳ್ಳು ಹೇಳಿದೆ, ತಮ್ಮನಿಗೆ ಹೊಡೆದೆ, ಹಣ್ಣು ಕದ್ದೆ. ನಾವು ಹನ್ನೊಂದು ಮಕ್ಕಳೂ ಅದನ್ನು ಮಗ್ಗಿಯಂತೆ ಉರುಹೊಡೆದೆವು. ಮೊದಲೆರಡರಲ್ಲಿ ನನಗೆ ತೊಂದರೆಯಿರಲಿಲ್ಲ. ತಮ್ಮನಿರಲಿಲ್ಲವಾದ್ದರಿಂದ ಮೂರನೆಯದನ್ನು ಕೈಬಿಟ್ಟೆ. ನಾಲ್ಕನೆಯದಕ್ಕೆ ಮಾತ್ರ ಪೇಚಾಟವಾಯಿತು. ಮಾಡದ ಪಾಪ ಹೇಳಿದರೆ ಅದು ಸುಳ್ಳಾಗುತ್ತದೆ, ಫಾದರ್ ಮುಂದೆ ಸುಳ್ಳು ಹೇಳಿದರೆ ನರಕವೇ ಗತಿ. ಬಹಳ ಯೋಚಿಸಿ, ಚರ್ಚಿನ ದಾರಿಯಲ್ಲಿದ್ದ ತೋಟಕ್ಕೆ ನುಗ್ಗಿ ಒಂದು ಸೀಬೆಕಾಯಿ ಕದ್ದೆ. ಕಾಯಿ ಒಗರೊಗರಾಗಿತ್ತು. ಆದರೆ ಪಾಪ ಮಾತ್ರ ಅಪ್ಪಟವಾಗಿತ್ತು, ಧೈರ್ಯವಾಗಿ ಹೇಳಿದೆ.

ಅವತ್ತು ಹೊರಗೆ ಬಂದಾಗಿನ ಹಗುರ ಇವತ್ತಿಗೂ ನೆನಪಿದೆ. ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ಈಗ ನೀನು ಹೊಸ ಮಗು ಎಂದಿದ್ದಳು. ಹೊಸ ಮಗು ಎನಿಸಿಕೊಂಡ ಖುಷಿಗೆ ಚರ್ಚಿನ ಸುತ್ತ ಮೂರು ಸುತ್ತು ಓಡಿದ್ದೆ. ದೊಡ್ಡವನಾದ ಮೇಲೆ ಎಷ್ಟೋ ಸಲ ಕ್ಷಮೆ ಸಿಕ್ಕಿತು, ಓಡಬೇಕೆನಿಸಲಿಲ್ಲ. ಆ ಹಗುರ ಎಲ್ಲಿ ಕಳೆದುಹೋಯಿತೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು, ಪೀಣ್ಯದಲ್ಲಿ.

ನಾನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೆ. ಪೊಲೀಸರ ಇನ್ಸ್‌ಪೆಕ್ಟರ್ ಅಲ್ಲ, ತಯಾರಾದ ಮಾಲಿನ ಅಳತೆ ನೋಡುವ ಕೆಲಸ. ಲೇತ್ ಮಿಷನ್ ಮೇಲೆ ಉಕ್ಕಿನ ಶಾಫ್ಟುಗಳನ್ನು ಕಡೆಯುತ್ತಿದ್ದವನು ಈರಪ್ಪ. ಗದಗದ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ರೂಮು. ಹಣೆಗೆ ವಿಭೂತಿ ಹಚ್ಚದೆ ಮಿಷನ್ ಮುಟ್ಟುತ್ತಿರಲಿಲ್ಲ. ಮುಟ್ಟಿದನೆಂದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಅಳತೆ ಮಾಡುವ ಮೊದಲೇ ಬೆರಳಲ್ಲಿ ಸವರಿ, ಸರಿ ಐತಿ ಎನ್ನುತ್ತಿದ್ದ. ನನ್ನ ಉಪಕರಣ ಹೌದೆಂದು ತಲೆಯಾಡಿಸುವುದಷ್ಟೇ ಬಾಕಿ.

ಒಂದು ಬೆಳಿಗ್ಗೆ, ದಪ್ಪ ಅಳೆಯುವ ನನ್ನ ಮೈಕ್ರೋಮೀಟರ್ ಕೈಜಾರಿ ನೆಲಕ್ಕೆ ಬಿತ್ತು. ಬಿದ್ದರೆ ಅದು ಸೊನ್ನೆಯಿಂದ ಸರಿಯಾಗಿ ಶುರುವಾಗುತ್ತದೆಯೋ ಇಲ್ಲವೋ ನೋಡಲೇಬೇಕು. ಅಪ್ರೆಂಟಿಸರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಟೀ ಬಂದಿತ್ತು, ನೋಡಲಿಲ್ಲ. ಅಷ್ಟರಲ್ಲಿ ಈರಪ್ಪ ಬಂದು ಕೇಳಿದ, ಕೊಟ್ಟುಬಿಟ್ಟೆ. ಅವನು ಶಿಫ್ಟ್ ಪೂರ್ತಿ ಅದನ್ನೇ ನಂಬಿ ಕೆಲಸ ಮಾಡಿದ. ಸಂಜೆ ಇನ್ನೊಂದು ಮೈಕ್ರೋಮೀಟರ್ ಹಿಡಿದು ನೋಡಿದರೆ ಅವತ್ತಿನ ಅಷ್ಟೂ ಶಾಫ್ಟು ಅಳತೆಗಿಂತ ಸಣ್ಣ. ದಪ್ಪ ಉಳಿದಿದ್ದರೆ ಮತ್ತೆ ಕಡೆದು ಸರಿಮಾಡಬಹುದಿತ್ತು. ಸಣ್ಣಗಾದದ್ದು ಗುಜರಿಯೇ.

ಸೂಪರ್‌ವೈಸರ್ ಬರುವಷ್ಟರಲ್ಲಿ ನಾನು ಮಾಡಿದ ಕೆಲಸವನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮೈಕ್ರೋಮೀಟರ್ ತೆಗೆದುಕೊಂಡು, ಸೊನ್ನೆ ಸರಿಮಾಡಿ, ಒರೆಸಿ, ಡಬ್ಬಿಯಲ್ಲಿಟ್ಟೆ. ಆತ ಪರೀಕ್ಷಿಸಿದಾಗ ಅದು ಸರಿಯಾಗಿಯೇ ಇತ್ತು. ಬೆಳಿಗ್ಗೆಯಿಂದ ಹೀಗೇ ಇತ್ತೇ ಎಂದು ಕೇಳಿದ. ಹೌದು ಸಾರ್ ಎಂದೆ. ತಪ್ಪು ಈರಪ್ಪನದೆಂದಾಯಿತು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಮರುದಿನ ಅವನನ್ನು ಲೇತಿನಿಂದ ತೆಗೆದು, ಮಾಲನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ ಹಾಕಿದರು. ಮೂರು ತಿಂಗಳ ಮೇಲೆ ಅವನು ಅತ್ತಿಬೆಲೆಯ ಯಾವುದೋ ವರ್ಕ್‌ಶಾಪಿಗೆ ಹೊರಟುಹೋದ.

ಆ ವರ್ಷದಿಂದಲೇ ನಾನು ಮಲಯಾಳಂ ರಟ್ಟಿನ ಭಕ್ತನಾದದ್ದು. ಕೆಟ್ಟ ಪೀಸುಗಳನ್ನು ಟ್ರೇಯ ನಡುವೆ, ಒಳ್ಳೆಯವುಗಳ ಅಡಿಯಲ್ಲಿ ಅಡಗಿಸಿಡುವವರನ್ನು ದಿನವೂ ಹಿಡಿಯುತ್ತಿದ್ದವನಿಗೆ ಆ ವಿದ್ಯೆ ಕೈಕೊಡುತ್ತದೆಯೇ? ಹೆಂಡತಿಯ ಮೇಲೆ ರೇಗಿದೆ, ಭಾನುವಾರದ ಪೂಜೆ ತಪ್ಪಿಸಿದೆ, ಒಂದು ಸುಳ್ಳು ಹೇಳಿದೆ, ನೆರೆಯವರನ್ನು ಆಡಿಕೊಂಡೆ. ಮೂರನೆಯದನ್ನು ಸ್ವಲ್ಪ ಬೇಗ ಹೇಳಿ ಮುಗಿಸುತ್ತಿದ್ದೆ. ಸಾರಮಿಲ್ಲ ಎನ್ನುತ್ತಿದ್ದರು ಫಾದರ್. ಕ್ಷಮೆ ಸಿಗುತ್ತಿತ್ತು. ಮರುವರ್ಷ ಅದೇ ಸುಳ್ಳನ್ನು ಮತ್ತೆ ತೆಗೆದುಕೊಂಡು ಹೋಗುತ್ತಿದ್ದೆ. ದೇವರು ಒಮ್ಮೆ ಪಾಸು ಮಾಡಿದ್ದನ್ನು ನಾನೇ ತಿರುಗಿ ತಿರುಗಿ ಪರೀಕ್ಷೆಗಿಡುತ್ತಿದ್ದೆ. ಕಸುಬಿನ ದೋಷ, ಬಿಡಿ.

ಈ ಸಲ ಸಾಲು ಎಂದಿಗಿಂತ ನಿಧಾನವಾಗಿ ಸಾಗುತ್ತಿತ್ತು. ಒಳಗೆ ಹೋದವರು ಬೇಗ ಹೊರಬರುತ್ತಿರಲಿಲ್ಲ, ಬಂದವರ ಮುಖ ಸಪ್ಪಗಿರುತ್ತಿತ್ತು. ಅಳತೆ ನೋಡುವುದರಲ್ಲೇ ಆಯುಸ್ಸು ಕಳೆದ ನನಗೆ ಏನೋ ಬದಲಾಗಿದೆಯೆಂದು ತಿಳಿಯಬೇಕಿತ್ತು, ತಿಳಿಯಲಿಲ್ಲ. ಮಂಡಿಯೂರಿ ನನ್ನ ಪಟ್ಟಿ ಒಪ್ಪಿಸಿದೆ. ಸಾರಮಿಲ್ಲ ಬರುವ ಜಾಗದಲ್ಲಿ ಶುದ್ಧ ಗದಗದ ಕನ್ನಡ ಬಂತು.

“ಯಾವ ಸುಳ್ಳು? ಅದರಿಂದ ಯಾರಿಗೇನಾತು?”

ಕೇರಳದ ಫಾದರ್ ಜ್ವರ ಬಂದು ಮಲಗಿದ್ದರಂತೆ. ಅವರ ಜಾಗಕ್ಕೆ ಗದಗ ಸೀಮೆಯ ಹೊಸ ಫಾದರ್ ಬಂದಿದ್ದರು, ರಟ್ಟು ಬದಲಿಸುವುದನ್ನು ಯಾರೋ ಮರೆತಿದ್ದರು. ಎದ್ದು ಓಡೋಣವೆಂದರೆ ಮಂಡಿ ಹಿಡಿದುಕೊಂಡಿತ್ತು. ಈರಪ್ಪನೇ ಜಾಲರಿಯ ಆಚೆ ಕೂತು ಕೇಳಿದಂತಾಗಿ, ಒಂದೂ ಬಿಡದೆ ಹೇಳಿದೆ. ಹೇಳುತ್ತಾ ಅತ್ತೆ. ನನ್ನ ಹಿಂದೆ ನಿಂತಿದ್ದವರಿಗೆ ಕೇಳಿಸಿರಲೂಬಹುದು. ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು.

“ದೇವರು ನೀವು ಮೊದಲ್ನೇ ವರ್ಷ ಕೇಳಿದಾಗನ ಕ್ಷಮಾ ಮಾಡ್ಯಾನ. ಅದರಾಗ ಸಂಶಯ ಬ್ಯಾಡ. ಆದ್ರ ತನ್ನ ತಪ್ಪಿರಲಿಲ್ಲ ಅನ್ನೂದು ಆ ಮನಷ್ಯಾಗ ಇನ್ನೂ ಗೊತ್ತಿಲ್ಲಲ್ಲ.”

ಹೋಗಿ ಅವನಿಗೆ ಹೇಳಿ ಬಾ, ಆಮೇಲೆ ಕ್ಷಮೆ ಎನ್ನುತ್ತಾರೆಂದುಕೊಂಡೆ. ಇಲ್ಲ, ಅಲ್ಲೇ ಆ ಕ್ಷಣವೇ ಕ್ಷಮೆ ಕೊಟ್ಟರು. ಹೋಗಿ ಹೇಳುವುದು ಪ್ರಾಯಶ್ಚಿತ್ತ ಎಂದರು. ನಾನು ಹೋಗದೆ ಉಳಿದರೆ ಎಂಬ ಯೋಚನೆಯನ್ನೇ ಅವರು ಮಾಡಿದಂತೆ ಕಾಣಲಿಲ್ಲ. ಅಷ್ಟು ನಂಬಿದ ಮೇಲೆ ಹೋಗದೆ ಇರುವುದು ಕಷ್ಟ. ಬೈದಿದ್ದರೆ ಬಹುಶಃ ಹೋಗುತ್ತಿರಲಿಲ್ಲ.

ಕಾರ್ಖಾನೆಯ ಹಳೆಯ ಕ್ಯಾಂಟೀನಿನವನಿಂದ ವಿಳಾಸ ಹಿಡಿದು, ಸೋಮವಾರ ಬಸ್ಸು ಬದಲಿಸುತ್ತ ಅತ್ತಿಬೆಲೆಗೆ ಹೋದೆ. ಊರಿನ ಈ ತುದಿಯಿಂದ ಆ ತುದಿಗೆ ಮೂರು ಗಂಟೆ. ಮೂರು ಗಂಟೆಯಲ್ಲಿ ಹತ್ತು ಥರದ ಮಾತು ಜೋಡಿಸಿಕೊಂಡಿದ್ದೆ. ಈರಪ್ಪ ಲೇತಿನ ಮುಂದೆಯೇ ನಿಂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು, ವಿಭೂತಿ ಹಾಗೇ ಇತ್ತು. ನನ್ನನ್ನು ಗುರುತಿಸಿ, ಸಂತೋಷದಿಂದ ಕೈಯೊರೆಸಿಕೊಂಡು ಸ್ಟೂಲು ಎಳೆದುಕೊಟ್ಟ. ನಾನು ಕೂರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಹೋಯಿತು.

“ಈರಪ್ಪಣ್ಣ, ಅವತ್ತು ಮೈಕ್ರೋಮೀಟರ್ ಬೀಳ್ಸಿದ್ದು ನಾನು. ಸಾಯಂಕಾಲ ಸರಿ ಮಾಡಿಟ್ಟಿದ್ದೂ ನಾನೇ. ನಿಂದೇನೂ ತಪ್ಪಿರ್ಲಿಲ್ಲ.”

ಯಾವತ್ತು ಎಂದು ಅವನು ಕೇಳಲಿಲ್ಲ. ಮಿಷನ್ ಆಫ್ ಮಾಡಿದ. ನನಗೆ ಎಳೆದಿದ್ದ ಸ್ಟೂಲಿನ ಮೇಲೆ ತಾನೇ ಕೂತ.

“ಅವತ್ತಿನಿಂದ ಒಂದೊಂದು ಪೀಸ್ ಮೂರ್ ಮೂರ್ ಸಲ ಅಳಿತೇನ್ರಿ ಸರ. ಇಲ್ಲಿ ಎಲ್ಲಾರೂ ನಗ್ತಾರ. ಇಪ್ಪತ್ತು ವರ್ಷ ನಾ ನನ್ನ ನಂಬಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಕ್ಷಮಿಸು ಎಂದೆ. ಅವನು ಅವತ್ತಿನ ಹಾಗೆಯೇ ಕನ್ನಡಕ ತೆಗೆದು ಒರೆಸತೊಡಗಿದ. ದೇವರಿಗೆ ಕ್ಷಮಿಸುವುದು ಸ್ವಭಾವ. ಮನುಷ್ಯನಿಗೆ ಅದು ದುಡಿಮೆ, ಅದಕ್ಕೆ ಹೊತ್ತು ಬೇಕು. ಅವಸರ ಮಾಡುವ ಹಕ್ಕು ನನಗಿರಲಿಲ್ಲ, ಬಾಗಿಲ ಪಕ್ಕ ನಿಂತು ಕಾದೆ.

ಆಮೇಲೆ ಅವನು ಎದ್ದು ಮಿಷನ್ ಹಚ್ಚಿದ. ಹಿಡಿದಿದ್ದ ಪೀಸನ್ನು ಕಡೆದು ಮುಗಿಸಿದ, ಬಿಚ್ಚಿದ, ಬೆರಳಲ್ಲಿ ಒಮ್ಮೆ ಸವರಿದ. ಪಕ್ಕದಲ್ಲೇ ಮೈಕ್ರೋಮೀಟರ್ ಇತ್ತು. ಅವನ ಕೈ ಅದರವರೆಗೆ ಹೋಗಿ ನಿಂತಿತು. ನನ್ನ ಕಡೆ ಒಂದು ಸಲ ನೋಡಿದ. ಪೀಸನ್ನು ಅಳೆಯದೆ ಟ್ರೇಯಲ್ಲಿ ಇಟ್ಟು, ಇನ್ನೊಂದನ್ನು ಮಿಷನ್ನಿಗೆ ಹಾಕಿದ.

ಮೂವತ್ತು ವರ್ಷ ಅಳತೆ ನೋಡಿದ ಕೈ ನೋಡಿ ನನ್ನದು, ತಡೆಯಲಾರದೆ ಆ ಟ್ರೇಯ ಕಡೆ ಹೊರಟಿತು. ಎಳೆದು ಜೇಬಿನಲ್ಲಿ ಇಟ್ಟುಕೊಂಡೆ. ಆ ಪೀಸು ಸರಿಯಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.